ಆರಿಸದೆ ಬಿಟ್ಟ ಪಾಠ

ಮದುವೆ ಮನೆಗೆ ಹೊಸ ಅಂಗಿ ತೊಟ್ಟು ಹೊರಟರೂ ಪೆನ್ನಿನ ಜಾಗದಲ್ಲಿ ಕರೆಂಟು ನೋಡುವ ಟೆಸ್ಟರ್ ಸಿಕ್ಕಿಸಿಕೊಂಡೇ ಹೋಗುತ್ತಿದ್ದುದರಿಂದ ಅವನಿಗೆ ಟೆಸ್ಟರಣ್ಣ ಎಂಬ ಹೆಸರು ಬಿತ್ತು. ಹೆಸರಿಟ್ಟವನು ಹೆಂಡತಿಯ ತಮ್ಮ. ಇಟ್ಟವನು ಹೋದ, ಹೆಸರು ಉಳಿಯಿತು. ಬೀದಿಯ ಮಕ್ಕಳಿಂದ ಹಿಡಿದು ಲೈಸೆನ್ಸ್ ಕಚೇರಿಯ ಕಾವಲುಗಾರನವರೆಗೆ ಎಲ್ಲರಿಗೂ ಅವನು ಟೆಸ್ಟರಣ್ಣನೇ. ಹೆಂಡತಿಯೊಬ್ಬಳು ಮಾತ್ರ ಆ ಹೆಸರನ್ನು ಬಾಯಿಗೆ ತಂದವಳಲ್ಲ.

ಅವನ ಅಪ್ಪ ಇಸ್ತ್ರಿ ಅಂಗಡಿ ಇಟ್ಟಿದ್ದ. ಇಸ್ತ್ರಿಪೆಟ್ಟಿಗೆಯ ವೈರು ಆಗಾಗ ಸುಟ್ಟು ಹೋಗುತ್ತಿತ್ತು. ಅದನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಹೊಸೆದು ಕೊಡುತ್ತಾ ಮಗ ವೈರಿಂಗ್ ಕೆಲಸಕ್ಕೆ ಬಿದ್ದ. ಸುಟ್ಟ ರಬ್ಬರಿನ ವಾಸನೆ ಆಗಲೇ ಮೂಗಿನಲ್ಲಿ ಮನೆ ಮಾಡಿತು. ಈಗಲೂ ಯಾರದಾದರೂ ಮನೆಯೊಳಗೆ ಕಾಲಿಟ್ಟರೆ ಮೊದಲು ಮೂಗೆತ್ತಿ ನಿಲ್ಲುತ್ತಾನೆ.

"ಏನಣ್ಣ, ಅಡುಗೆ ಏನು ಅಂತ ನೋಡ್ತಿದ್ದೀರಾ?" ಎಂದು ಮನೆಯಾಕೆ ನಗುತ್ತಾಳೆ.

"ಒಲೆ ಮೇಲಿಂದು ಗೊತ್ತಿಲ್ಲಮ್ಮ. ನಿಮ್ಮ ಗೋಡೆಯೊಳಗೆ ಏನೋ ಬೇಯ್ತಾ ಇದೆ."

ಆ ಊರಿನಲ್ಲಿ ವೈರಿಂಗ್ ಮಾಡುವವರ ಲೈಸೆನ್ಸು ಹಾಲಿನ ಹಾಗೆ, ಹಾಗೇ ಇಟ್ಟರೆ ಕೆಡುತ್ತದೆ. ಕೆಲವು ವರ್ಷಕ್ಕೊಮ್ಮೆ ಎರಡು ಪಾಠಗಳನ್ನು ಹೊಸದಾಗಿ ಕಲಿತು, ಅದರ ಸರ್ಟಿಫಿಕೇಟು ತೋರಿಸಿ ನವೀಕರಿಸಿಕೊಳ್ಳಬೇಕು. ಸೋಲಾರ್, ಮೋಟರು, ಬೆಂಕಿಯ ಅಲಾರಾಂ, ನೆಲದಡಿಯ ಕೇಬಲ್ಲು, ಹೀಗೆ ಹಲವು ಪಾಠಗಳಿವೆ. ಯಾವುದನ್ನು ಆರಿಸಿಕೊಳ್ಳುವುದು ಎಂಬುದು ಅವರವರಿಗೆ ಬಿಟ್ಟದ್ದು. ಟೀ ಅಂಗಡಿಯ ಮುಂದೆ ಸೇರುವ ವೈರಿಂಗಿನವರಿಗೆ ಇದೊಂದು ತಮಾಷೆಯ ವಿಷಯ. ಗೋಡೆ ಕೊರೆಯುವುದರಲ್ಲಿ ಎತ್ತಿದ ಕೈಯಾದ, ಎಲ್ಲರೂ ಡ್ರಿಲ್ಲಪ್ಪ ಎಂದೇ ಕರೆಯುವ ದಪ್ಪ ಆಸಾಮಿ ಹೇಳುತ್ತಿದ್ದ: "ನಾನು ಪಾಠ ನೋಡಿ ಆರಿಸಲ್ಲ, ಕುರ್ಚಿ ನೋಡಿ ಆರಿಸ್ತೀನಿ. ಹಿಂದಿನ ಸಲ ಮೆತ್ತನೆ ಕುರ್ಚಿ, ಮೇಲಿಂದ ತಣ್ಣನೆ ಗಾಳಿ. ಏನು ಹೇಳಿಕೊಟ್ರೋ ದೇವರಾಣೆ ಗೊತ್ತಿಲ್ಲ. ನಿದ್ದೆ ಮಾತ್ರ ಫಸ್ಟ್ ಕ್ಲಾಸು."

ಟೆಸ್ಟರಣ್ಣ ಪ್ರತಿ ಸಲವೂ ಅರ್ಥಿಂಗ್ ಪಾಠವನ್ನೇ ಆರಿಸುತ್ತಿದ್ದ. ಅವನಿಗೆ ಅದು ಪ್ರೀತಿಯ ವಿಷಯ. ನೆಲದಲ್ಲಿ ಗುಂಡಿ ತೋಡಿ, ತಾಮ್ರದ ಪಟ್ಟಿ ಇಳಿಸಿ, ಮನೆಯ ಕರೆಂಟಿಗೆ ಮಣ್ಣಿನ ದಾರಿ ಮಾಡಿಕೊಡುವುದು. "ಕರೆಂಟಿಗೂ ತನ್ನ ಮನೆಗೆ ಹೋಗೋ ಆಸೆ ಇರತ್ತೆ," ಎಂದು ಮಗಳಿಗೆ ಹೇಳುತ್ತಿದ್ದ. "ದಾರಿ ಕೊಟ್ರೆ ಸುಮ್ನೆ ಹೋಗತ್ತೆ. ಕೊಡದೆ ಇದ್ರೆ ನಮ್ಮ ಮೈಯನ್ನೇ ದಾರಿ ಮಾಡ್ಕೊಳತ್ತೆ." ಈ ಸಲವೂ ಮುಂದಿನ ಬೆಂಚಿನಲ್ಲಿ ಕೂತು, ಎಲ್ಲ ಪ್ರಶ್ನೆಗೂ ಉತ್ತರ ಹೇಳಿ, ಪಾಠದವರಿಂದ ಶಹಬ್ಬಾಸ್‌ಗಿರಿ ಪಡೆದು, ಕೇಬಲ್ಲಿನ ಪಾಠವನ್ನೂ ಮುಗಿಸಿ, ತಿಂಗಳು ಮುಗಿಯುವ ಹೊತ್ತಿಗೆ ನಿರಾಳವಾಗಿ ಕಚೇರಿಗೆ ಹೋದ.

"ಇದು ಲೆಕ್ಕಕ್ಕೆ ಬರಲ್ಲ ಅಣ್ಣ," ಎಂದಳು ಕಿಟಕಿಯಾಚೆ ಕೂತ ಹುಡುಗಿ.

"ಯಾಕಮ್ಮ? ಸೀಲಿದೆ, ಸಹಿ ಇದೆ."

"ಎಲ್ಲಾ ಇದೆ. ಆದ್ರೆ ಇದೇ ಪಾಠ ಹಿಂದಿನ ಸಲವೂ ತಗೊಂಡಿದ್ದೀರಿ, ಅದರ ಹಿಂದಿನ ಸಲವೂ ತಗೊಂಡಿದ್ದೀರಿ. ಒಂದೇ ಪಾಠ ಮತ್ತೆ ತಗೊಂಡ್ರೆ ಸೇರಿಸಬಾರದು ಅಂತ ಈ ವರ್ಷ ನಿಯಮ ಬಂದಿದೆ."

"ಪಾಠ ಹಳೇದಿರಬಹುದು. ನಾನು ಹೊಸದಾಗಿ ಕೂತು ಕೇಳಿದೀನಲ್ಲ."

ಹುಡುಗಿಗೆ ನಗು ಬಂತು, ತಡೆದುಕೊಂಡಳು. "ಪಾಸಾದ ಮೇಲೂ ಅದೇ ಕ್ಲಾಸಲ್ಲಿ ಕೂತ್ರೆ ಮೇಲಿನ ಕ್ಲಾಸಿಗೆ ಹೋದ ಹಾಗಾಗತ್ತಾ ಅಣ್ಣ? ಇನ್ನೊಂದು ಪಾಠ ಬೇಕು. ಈ ತಿಂಗಳೊಳಗೆ ತಂದುಬಿಡಿ."

"ತರಲಿಲ್ಲ ಅಂದ್ರೆ?"

"ಲೈಸೆನ್ಸ್ ಸತ್ತ ಹಾಗೆ. ಮತ್ತೆ ಮೊದಲಿಂದ." ಅವಳು ಪರದೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಕೈಕೆಳಗೆ ಒಬ್ಬರು ತರಬೇತಿಯಲ್ಲಿದ್ದಾರಲ್ಲ, ಅವರದೂ ಅಲ್ಲಿಗೆ ಮುರೀತು. ಮೇಸ್ತ್ರಿಯ ಲೈಸೆನ್ಸ್ ನಡುವೆ ನಿಂತ್ರೆ ಕಲಿತ ವರ್ಷ ಎಲ್ಲಾ ಹೋಗತ್ತೆ. ಬೇರೆ ಮೇಸ್ತ್ರಿ ಹಿಡಿದು ಶುರು ಮಾಡ್ಬೇಕು."

ಆ ಒಬ್ಬರು ಅವನ ಮಗಳು.

ಅವಳು ಈ ಕೆಲಸ ಕಲಿಯುತ್ತೇನೆಂದಾಗ ಟೆಸ್ಟರಣ್ಣ ಮೊದಲು ಬೇರೆಯವರ ಬಳಿಯೇ ಕಳಿಸಲು ನೋಡಿದ್ದ. ಒಬ್ಬ ಮೇಸ್ತ್ರಿ, "ನಮ್ಮ ಹುಡುಗರು ಕೆಲಸ ಬಿಟ್ಟು ಏಣಿ ನೋಡ್ತಾ ನಿಲ್ತಾರೆ," ಎಂದ. ಇನ್ನೊಬ್ಬ, "ನಿನ್ನ ಮಗಳಿಗೆ ಒಳ್ಳೆ ಗಂಡು ನೋಡು, ಒಳ್ಳೆ ಡ್ರಿಲ್ಲಿಂಗ್ ಮಿಷಿನ್ ನೋಡಬೇಡ," ಎಂದ. ಮೂರನೆಯವನನ್ನು ಕೇಳಲು ಅವಳೇ ಬಿಡಲಿಲ್ಲ. ಅಪ್ಪನ ಹಿಂದೆಯೇ ಏಣಿ ಹೊತ್ತಳು. ಈಗ ಅವಳು ಎಳೆದ ಪೈಪು ದಾರ ಹಿಡಿದ ಹಾಗೆ ನೇರ. ಬರುವ ಪರೀಕ್ಷೆ ಒಂದು ದಾಟಿದರೆ ಅವಳದೇ ಲೈಸೆನ್ಸು. ಅಪ್ಪನದು ಈಗ ಸತ್ತರೆ, ಅವಳಿಗೆ ಬೇರೆ ಮೇಸ್ತ್ರಿ ಎಂಬವನು ಈ ಊರಲ್ಲಿ ಇಲ್ಲ.

ಮನೆ ಎಂದರೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಹೆಂಡತಿ ಅಂಗಡಿಗಳಿಗೆ ಕಿಟಕಿ ಪರದೆ ಹೊಲಿದು ಕೊಡುತ್ತಾಳೆ. ಹೊಲಿಗೆ ಮಿಷನ್ನಿನ ಸದ್ದು ಗೋಡೆಯ ಗಡಿಯಾರದ ಸದ್ದಿನಂತೆ. ಇದ್ದಾಗ ಕೇಳಿಸುವುದಿಲ್ಲ, ನಿಂತಾಗ ಕೇಳಿಸುತ್ತದೆ.

ಅವತ್ತು ಸಂಜೆ ಮಗಳು ನೆಲದ ಮೇಲೆ ಕೂತು ಫೋನಿನಲ್ಲಿ ಪಾಠಗಳ ಪಟ್ಟಿ ಓದಿದಳು.

"ಸೋಲಾರ್... ಜಾಗ ಇಲ್ಲ, ತುಂಬಿದೆ. ಅಲಾರಾಂ... ಇದು ಮುಂದಿನ ತಿಂಗಳು ಶುರು. ಮೋಟರ್ ಕಂಟ್ರೋಲ್, ಇದಕ್ಕೂ ಜಾಗ ಇಲ್ಲ ಅಪ್ಪ. ಲಿಫ್ಟು... ಇದು ದೂರದ ಊರಲ್ಲಿ, ಅದೂ ಕಂಪ್ಯೂಟರ್ ಮುಂದೆ ಕೂತು ಮಾಡೋದು." ಅವಳ ಬೆರಳು ಒಂದು ಸಾಲನ್ನು ಹಾರಿ ಕೆಳಗಿಳಿಯಿತು. "ಅರ್ಥಿಂಗ್. ಆಗಿದೆ. ಕೇಬಲ್. ಅದೂ ಆಗಿದೆ. ಅಷ್ಟೇ."

"ನಡುವೆ ಒಂದು ಬಿಟ್ಟೆ," ಎಂದ ಟೆಸ್ಟರಣ್ಣ.

"ಇಲ್ವಲ್ಲ."

"ಲಿಫ್ಟ್ ಆದ್ಮೇಲೆ. ಓದು."

ಮಗಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. "ನಿಂಗೆ ಗೊತ್ತಲ್ಲ ಅದು ಯಾವುದು ಅಂತ."

ಅವನಿಗೆ ಗೊತ್ತಿತ್ತು. ಪ್ರತಿ ಸಲವೂ ಅವನ ಕಣ್ಣೂ ಅದೇ ಸಾಲನ್ನು ಹಾಗೆಯೇ ಹಾರುತ್ತಿತ್ತು. *ಶಾಕ್ ಹೊಡೆದವರ ರಕ್ಷಣೆ ಮತ್ತು ಪ್ರಥಮ ಚಿಕಿತ್ಸೆ.*

"ಜಾಗ ಇದೆಯಾ?"

"ಇದೆ. ಒಂದೇ ದಿನದ ಪಾಠ, ತಿಂಗಳ ಕೊನೇ ದಿನ. ಮಧ್ಯಾಹ್ನ ಸರ್ಟಿಫಿಕೇಟ್ ಕೈಗೆ ಕೊಡ್ತಾರೆ. ಕಚೇರಿ ಮುಚ್ಚೋ ಮುಂಚೆ ಕೊಡಬಹುದು." ಅವಳು ತಲೆ ತಗ್ಗಿಸಿ ಸೇರಿಸಿದಳು. "ತರಬೇತಿಯವರೂ ಬರಬಹುದು ಅಂತ ಇದೆ. ನಾನೂ ಬರ್ತೀನಿ."

ಹೊಲಿಗೆ ಮಿಷನ್ನು ನಿಂತಿತ್ತು.

ಮಿಷನ್ನಿನ ಹಿಂದಿನಿಂದ ಹೆಂಡತಿಯ ದನಿ ಬಂತು. "ಬೇರೆ ಯಾವುದೂ ಇಲ್ವೇನ್ರೀ?"

"ಇಲ್ಲ."

ಸ್ವಲ್ಪ ಹೊತ್ತಾದ ಮೇಲೆ ಮಿಷನ್ನು ಮತ್ತೆ ಶುರುವಾಯಿತು. ಆದರೆ ಅದು ಬಟ್ಟೆಯ ಮೇಲೆ ಓಡುವ ಸದ್ದಾಗಿರಲಿಲ್ಲ, ದಾರವಿಲ್ಲದೆ ಬರಿದೇ ತಿರುಗುವ ಸದ್ದು.

ಹೆಂಡತಿಯ ತಮ್ಮ ಟೆಸ್ಟರಣ್ಣನ ಬಳಿಯೇ ಕೆಲಸ ಕಲಿತವನು. ಕುಳ್ಳ, ಬಾಯಾಳಿ, ಏಣಿಯ ತುದಿಯಲ್ಲಿ ನಿಂತು ಹಾಡು ಹೇಳುವವನು. ತಲೆಗೆ ಸದಾ ಒಂದು ನೀಲಿ ಟೋಪಿ. ಈ ಕೆಲಸದಲ್ಲಿ ಒಂದು ಕಟ್ಟಳೆ ಇದೆ: ದೊಡ್ಡ ಕಟ್ಟಡದಲ್ಲಿ ವೈರು ಮುಟ್ಟುವ ಮೊದಲು ಮೇನ್ ಸ್ವಿಚ್ಚು ಕೆಳಗೆಳೆದು, ಮೇಲೆ ಕೆಲಸ ಮಾಡುವ ಪ್ರತಿಯೊಬ್ಬನೂ ಅದಕ್ಕೆ ತನ್ನ ಬೀಗ ಹಾಕಬೇಕು. ತನ್ನ ಕೀಲಿ ತನ್ನ ಜೇಬಿನಲ್ಲಿರಬೇಕು. ಎಲ್ಲರೂ ಕೆಳಗಿಳಿದು ಎಲ್ಲ ಬೀಗ ತೆಗೆದ ಮೇಲೆಯೇ ಸ್ವಿಚ್ಚು ಮೇಲೇರಬೇಕು. ಒಬ್ಬನ ಬೀಗಕ್ಕೆ ಇನ್ನೊಬ್ಬ ಕೈ ಹಾಕುವ ಹಾಗಿಲ್ಲ. ಭಾವ ಮೈದುನರಿಬ್ಬರೂ ಆ ಕಟ್ಟಳೆಯನ್ನು ತಮ್ಮ ಅನುಕೂಲಕ್ಕೆ ಸ್ವಲ್ಪ ಬಗ್ಗಿಸಿಕೊಂಡಿದ್ದರು. "ಒಂದೇ ಮನೆ ಅನ್ನ ತಿನ್ನೋರಿಗೆ ಎರಡು ಬೀಗ ಯಾಕೆ ಭಾವ?" ಎಂದಿದ್ದ ತಮ್ಮ. ಬೀಗ ಒಂದು, ಅದರ ಜೊತೆ ಬಂದ ಎರಡು ಕೀಲಿಗಳಲ್ಲಿ ಇಬ್ಬರಿಗೂ ಒಂದೊಂದು.

ಬಟ್ಟೆ ಅಂಗಡಿಯೊಂದರ ಮೇಲ್ಮಹಡಿಯ ಕೆಲಸ. ಟೆಸ್ಟರಣ್ಣ ತನ್ನ ಭಾಗ ಮುಗಿಸಿ ಕೆಳಗೆ ಬಂದಾಗ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ನೀಲಿ ಟೋಪಿ ಕಂಡಿತು. ಇಳಿದಿದ್ದಾನೆ, ಟೀ ಹೇಳಿದ್ದಾನೆ ಅಂದುಕೊಂಡ. ತನ್ನ ಕೀಲಿಯಿಂದ ಬೀಗ ತೆಗೆದು ಸ್ವಿಚ್ಚು ಮೇಲೆತ್ತಿದ. ಆದರೆ ಮರೆತ ಇಕ್ಕಳ ತರಲು ಮೈದುನ ಟೋಪಿಯನ್ನು ಬೆಂಚಿನ ಮೇಲೆ ಬಿಟ್ಟು ಮತ್ತೆ ಹತ್ತಿದ್ದ. ಹತ್ತಿದವನು ಒಂದು ವೈರಿನ ತುದಿ ಸಡಿಲ ಬಿದ್ದಿರುವುದನ್ನು ಕಂಡು ಬಿಗಿ ಮಾಡಲು ಹೋಗಿದ್ದ.

ಸ್ವಿಚ್ಚು ಎತ್ತಿದ್ದು ಯಾರು ಎಂಬುದು ಆ ಮನೆಯಲ್ಲಿ ಗುಟ್ಟಲ್ಲ. ಆ ದಿನವೇ ಹೆಂಡತಿಯ ಮುಂದೆ ನಿಂತು ಅವನೇ ಹೇಳಿದ್ದ. ಬಹಳ ಕಾಲ ಅವಳು ಅವನ ಮುಖ ನೋಡಲಿಲ್ಲ. ಊಟದ ತಟ್ಟೆಯನ್ನು ನೆಲದ ಮೇಲಿಟ್ಟು ತಳ್ಳುತ್ತಿದ್ದಳು. ಬೀದಿಯ ಜನ ಮಾತ್ರ ಬೇರೆಯದನ್ನೇ ಹೇಳುತ್ತಿದ್ದರು: ಮೈದುನನನ್ನು ಹೆಗಲ ಮೇಲೆ ಹಾಕಿಕೊಂಡು ಮಹಡಿಯಿಂದ ಇಳಿದ, ಗಾಡಿಗೂ ಕಾಯದೆ ಆಸ್ಪತ್ರೆಯವರೆಗೂ ಓಡಿದ, ಕಾಲಲ್ಲಿ ಚಪ್ಪಲಿ ಇರಲಿಲ್ಲ, ರಸ್ತೆ ತುಂಬ ಅಂಗಾಲಿನ ರಕ್ತ. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಬೆನ್ನ ಮೇಲೆ ಕೈಯಿಟ್ಟು, "ಏನೂ ಮಾಡೋ ಹಾಗಿರಲಿಲ್ಲ," ಎಂದಿದ್ದರು. ಈ ಎರಡು ಮಾತುಗಳು ಯಾರ ಯಾರದೋ ಬಾಯಿಂದ ಬಂದು ಅವಳ ಕಿವಿಗೆ ಬೀಳುತ್ತಲೇ ಇದ್ದವು. ಒಂದು ದಿನ ಅವಳು ತಟ್ಟೆಯನ್ನು ತಳ್ಳದೆ ಕೈಗೆ ಕೊಟ್ಟಳು. "ಹೊತ್ಕೊಂಡು ಓಡಿದ್ರಲ್ಲ," ಎಂದಳು. "ಏನೂ ಮಾಡೋ ಹಾಗಿರಲಿಲ್ವಂತೆ."

ಅವನು ಅನ್ನ ಕಲಸಿದ. ಅಲ್ಲಿಂದ ಮುಂದಿನ ಅವರ ಸಂಸಾರವೆಲ್ಲ ಆ ಎರಡು ಮಾತಿನ ಮೇಲೆ ನಿಂತಿತು. ಮಗಳು ಬೆಳೆದಳು. ಅವಳು ಕೆಲಸಕ್ಕೆ ಬಂದ ಮೊದಲ ದಿನ ಅವನು ಅವಳಿಗೊಂದು ಕೆಂಪು ಬೀಗ ತಂದುಕೊಟ್ಟ. ಜೊತೆಗಿದ್ದ ಎರಡನೆಯ ಕೀಲಿಯನ್ನು ಅವಳ ಕಣ್ಣೆದುರೇ ವೈಸಿನ ಕಬ್ಬಿಣದ ಬಾಯಿಗೆ ಸಿಕ್ಕಿಸಿ ಮುರಿದು ಹಾಕಿದ.

ಆ ಪಾಠವೊಂದನ್ನು ಮಾತ್ರ ಅವನು ಯಾವತ್ತೂ ಆರಿಸಲಿಲ್ಲ. ಬೀಗದ ವಿಷಯ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಮೇಲಿನದು ಅವನಿಗೆ ಬೇಡವಾಗಿತ್ತು. ಮೈದುನ ನೆಲಕ್ಕೆ ಬಿದ್ದ ಮೇಲೆ ಏನು ಮಾಡಬಹುದಿತ್ತು ಎಂಬುದು ಗೊತ್ತಾಗದೆ ಇರುವಷ್ಟು ಕಾಲ ಡಾಕ್ಟರ ಮಾತು ನಿಜವಾಗಿಯೇ ಇರುತ್ತದೆ.

ಟೀ ಅಂಗಡಿಯಲ್ಲಿ ಡ್ರಿಲ್ಲಪ್ಪನನ್ನು ಕೇಳಿ ನೋಡಿದ. "ನಿನ್ನ ಪರಿಚಯದವರು ಯಾರಾದ್ರೂ ಸೋಲಾರ್ ಪಾಠದಲ್ಲಿ ಒಂದು ಜಾಗ..."

"ಇದ್ದಿದ್ರೆ ನಾನೇ ಕೂರ್ತಿದ್ದೆ ಮಾರಾಯ. ನಂಗೂ ಅದೇ ಗತಿ, ಶಾಕ್ ಪಾಠ. ಗಟ್ಟಿ ಬೆಂಚಂತೆ." ಡ್ರಿಲ್ಲಪ್ಪ ಲೋಟ ಕೆಳಗಿಟ್ಟು ಅವನ ಮುಖ ನೋಡಿದ. ಆಮೇಲೆ ತಮಾಷೆ ಮಾಡಲಿಲ್ಲ. "ಬಾ, ಜೊತೇಲಿ ಕೂರೋಣ," ಎಂದ.

ಸೋಲಾರ್ ಪಾಠದ ಬಾಗಿಲಿಗೇ ಹೋಗಿ ನಿಂತ. ಅಲ್ಲಿಯವರು ಕುರ್ಚಿಗಳನ್ನು ತೋರಿಸಿದರು, ತುಂಬಿದ್ದವು. ನಿಂತುಕೊಂಡೇ ಕೇಳುತ್ತೇನೆಂದ. ನಿಂತು ಕೇಳಿದವರಿಗೆ ಸರ್ಟಿಫಿಕೇಟಿಲ್ಲ ಎಂದರು. ಕಚೇರಿಯ ಕಿಟಕಿಗೆ ಮತ್ತೆ ಹೋದ. ಕಾವಲುಗಾರ, "ಟೆಸ್ಟರಣ್ಣ, ಆ ಹುಡುಗಿ ಕೈಲಿ ಏನೂ ಇಲ್ಲ, ಸುಮ್ನೆ ಅವಳನ್ನ ಅಳಿಸಬೇಡಿ," ಎಂದು ಮೆಲ್ಲಗೆ ಹೇಳಿ ಕಳಿಸಿದ. ಎಲ್ಲಿ ತಿರುಗಿದರೂ ಅದೊಂದೇ ಬಾಗಿಲು ತೆರೆದಿತ್ತು.

ಹೊರಡುವ ದಿನ ಬೆಳಿಗ್ಗೆ ಹೆಂಡತಿ ಅಪ್ಪ ಮಗಳಿಬ್ಬರಿಗೂ ಊಟದ ಡಬ್ಬಿ ಕಟ್ಟಿದಳು. ಅವನ ಅಂಗಿಗೆ ಇಸ್ತ್ರಿ ಹಾಕಿದಳು. ಬಾಗಿಲವರೆಗೆ ಬಂದು, ಅಂಗಿಯ ಜೇಬಿನ ಟೆಸ್ಟರನ್ನು ನೆಟ್ಟಗೆ ಮಾಡುವವಳಂತೆ ಮುಟ್ಟಿ ಹೇಳಿದಳು:

"ಅಲ್ಲಿ ಹೇಳಿದ್ದನ್ನೆಲ್ಲ ಮನೆಗೆ ತರಬೇಡಿ."

ಪಾಠ ನಡೆದದ್ದು ಹಳೆಯ ಕೈಗಾರಿಕಾ ಶಾಲೆಯ ಉದ್ದನೆಯ ಕೋಣೆಯಲ್ಲಿ. ಒಡೆದ ಕಿಟಕಿಗಾಜಿಗೆ ರಟ್ಟು ಅಂಟಿಸಿದ್ದರು. ಗೋಡೆಯ ಸ್ವಿಚ್‌ಬೋರ್ಡು ಒಂದು ಮೊಳೆಯ ಮೇಲೆ ಜೋತು ಬಿದ್ದಿತ್ತು. ಒಳಗೆ ಬಂದ ವೈರಿಂಗಿನವರೆಲ್ಲ ಮೊದಲು ಅದನ್ನೇ ನೋಡಿ ನಾಲಿಗೆ ಲೊಚಗುಟ್ಟಿದರು. ಮುಂದೆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಸೊಂಟದಿಂದ ಮೇಲಿನ ಭಾಗ ಮಾತ್ರ ಇರುವ ರಬ್ಬರಿನ ಗೊಂಬೆ. ಯಾರೋ ಅದಕ್ಕೆ ಕೆಲಸದ ಅಂಗಿ ತೊಡಿಸಿದ್ದರು.

"ಇವನಿಗೆ ಕಾಲಿಲ್ಲ. ಪುಣ್ಯವಂತ, ಏಣಿ ಹತ್ತೋ ಹಾಗಿಲ್ಲ," ಎಂದ ಡ್ರಿಲ್ಲಪ್ಪ. ಕೆಲವರು ನಕ್ಕರು.

ಪಾಠ ಹೇಳುವವಳು ಆಂಬುಲೆನ್ಸಿನಲ್ಲಿ ವರ್ಷಗಟ್ಟಲೆ ದುಡಿದ ನರ್ಸು. ಬಿಗಿದು ಕಟ್ಟಿದ ಕೂದಲು, ಒರಟು ದನಿ. ಬೀಗದ ವಿಷಯದಿಂದ ಶುರು ಮಾಡಿದಳು. "ನಿಮ್ಮಲ್ಲಿ ಒಂದು ಬೀಗಕ್ಕೆ ಎರಡು ಕೀಲಿ ಇಟ್ಕೊಂಡಿರೋರು ಯಾರು?" ಯಾರೂ ಕೈ ಎತ್ತಲಿಲ್ಲ. "ಯಾರೂ ಎತ್ತಲ್ಲ. ಆದ್ರೆ ನಮ್ಮ ಗಾಡಿಗೆ ಫೋನ್ ಬರ್ತಾನೇ ಇರತ್ತೆ." ಮಗಳು ಅಪ್ಪನ ಕಡೆ ನೋಡಲಿಲ್ಲ. ಜೇಬಿನಲ್ಲಿದ್ದ ತನ್ನ ಕೀಲಿಯನ್ನು ಹಿಡಿದುಕೊಂಡಳು.

ಇಷ್ಟನ್ನು ಟೆಸ್ಟರಣ್ಣ ತಡೆದುಕೊಂಡ. ಇದಕ್ಕೆ ಅವನು ಸಿದ್ಧನಾಗಿಯೇ ಬಂದಿದ್ದ.

ನರ್ಸು ಗೊಂಬೆಯ ಪಕ್ಕ ಮಂಡಿಯೂರಿದಳು. "ಶಾಕ್ ಹೊಡೆದವನ ಹೃದಯ ಎಷ್ಟೋ ಸಲ ಪೂರ್ತಿ ನಿಂತಿರಲ್ಲ. ದಾರಿ ತಪ್ಪಿ ನಡುಗ್ತಾ ಇರತ್ತೆ. ಅದು ಮತ್ತೆ ಸರಿಹೋಗೋವರೆಗೂ, ಇಲ್ಲಾ ನಾವು ಮಿಷನ್ ತರೋವರೆಗೂ, ಅದರ ಕೆಲಸ ನೀವು ಮಾಡ್ಬೇಕು. ಮೊದಲು ಕರೆಂಟ್ ಬಿಡಿಸಿ. ಯಾರನ್ನಾದ್ರೂ ಫೋನಿಗೆ ಕಳಿಸಿ. ಆಮೇಲೆ ಎದೆ ನಡುವೆ ಕೈ ಮೇಲೆ ಕೈ, ಒತ್ತಿ." ಅವಳು ಒತ್ತಿದಳು. ಗೊಂಬೆಯೊಳಗಿಂದ ಟಿಕ್ ಎಂದು ಸದ್ದು ಬಂತು. "ಸಾಕಷ್ಟು ಆಳ ಒತ್ತಿದ್ರೆ ಸದ್ದು ಬರತ್ತೆ. ಬರದಿದ್ರೆ ನೀವು ಸವರ್ತಿದ್ದೀರಿ ಅಂತ ಅರ್ಥ."

ಟೆಸ್ಟರಣ್ಣ ಎದ್ದು ನಿಂತ. ತಾನು ನಿಂತದ್ದು ಅವನಿಗೇ ಗೊತ್ತಾದಂತಿರಲಿಲ್ಲ. "ಉಸಿರೇ ಇಲ್ಲ ಅಂದ್ರೆ? ಆವಾಗ್ಲೂ ಒತ್ತೋದಾ?"

"ಉಸಿರಿಲ್ಲ ಅಂದ್ರೇನೇ ಒತ್ತೋದು ಅಣ್ಣ. ಉಸಿರಿದ್ರೆ ಯಾಕೆ ಒತ್ತಬೇಕು?"

ಅವನು ಕೂರಲಿಲ್ಲ. ನರ್ಸು ಬೇರೆಯವರ ಕಡೆ ತಿರುಗಿ ಮುಂದುವರಿಸಿದಳು.

"ನಿಮ್ಮ ಕೆಲಸದವರು ಮಾಡೋ ದೊಡ್ಡ ತಪ್ಪು ಒಂದು ಹೇಳ್ತೀನಿ ಕೇಳಿ. ಗಟ್ಟಿ ಮೈಯೋರು ನೀವು. ಬಿದ್ದವನನ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡು ಓಡ್ತೀರಿ. ನೋಡಿದವರು ಭೇಷ್ ಅಂತಾರೆ. ಅವನು ನಿಮ್ಮ ಹೆಗಲ ಮೇಲೆ ಇರೋವಷ್ಟು ಹೊತ್ತೂ ಅವನ ಎದೇನ ಯಾರೂ ಒತ್ತುತಿರಲ್ಲ. ಆಸ್ಪತ್ರೆ ಬಾಗಿಲಿಗೆ ತಲುಪ್ತೀರಿ, ಹೊತ್ತು ಮೀರಿರತ್ತೆ. ಓಡಬೇಡಿ. ಬಿದ್ದಲ್ಲೇ ಮಂಡಿ ಊರಿ, ಅಲ್ಲೇ ಒತ್ತಿ."

ಟೆಸ್ಟರಣ್ಣ ಬೆಂಚುಗಳ ನಡುವಿನಿಂದ ಹೊರಗೆ ಹೋದ. ಕಾರಿಡಾರಿನಲ್ಲಿ ನೀರಿನ ನಲ್ಲಿ ಇತ್ತು. ಅದನ್ನು ತಿರುಗಿಸಿ, ನೀರಿಗೆ ಕೈಯೊಡ್ಡದೆ ಸುಮ್ಮನೆ ನೋಡುತ್ತಾ ನಿಂತ. ಆ ದಿನದ ಮೆಟ್ಟಿಲುಗಳು, ಬಿಸಿಯಾದ ರಸ್ತೆ, ಕತ್ತಿನ ಬಳಿ ತೂಗುತ್ತಿದ್ದ ತಲೆ. ಆಸ್ಪತ್ರೆಯ ಬಾಗಿಲು ಕಂಡಾಗ, ಬಂತು ಕಣೋ, ಬಂತು ಕಣೋ, ಎಂದು ತಾನು ಹೇಳಿದ್ದು. ಇಷ್ಟು ವರ್ಷ ನಿದ್ದೆ ಬಾರದ ಹೊತ್ತಿನಲ್ಲಿ ಅವನು ಕೈ ಚಾಚಿ ಹಿಡಿದುಕೊಳ್ಳುತ್ತಿದ್ದದ್ದು ಆ ಓಟವೊಂದನ್ನೇ. ಸ್ವಿಚ್ಚು ಎತ್ತಿದೆ, ಆದರೆ ಓಡಿದೆ. ಈಗ ಅದೂ ಸ್ವಿಚ್ಚಿನ ಪಕ್ಕ ಹೋಗಿ ಕೂತಿತು.

ಮಗಳು ಬಂದು ನಲ್ಲಿ ನಿಲ್ಲಿಸಿದಳು.

"ಅಪ್ಪ, ಮನೆಗೆ ಹೋಗೋಣ. ಲೈಸೆನ್ಸ್ ಹೋದ್ರೆ ಹೋಗ್ಲಿ."

"ನಿಂದೂ ಹೋಗತ್ತೆ."

"ನಾನು ಅಮ್ಮನ ಜೊತೆ ಪರದೆ ಹೊಲೀತೀನಿ."

"ನಿಂಗೆ ಸೂಜಿಗೆ ದಾರ ಪೋಣಿಸೋಕೆ ಬರಲ್ಲ."

"ಕಲೀತೀನಿ."

ಅವನು ಅವಳ ಕೈ ನೋಡಿದ. ಬೆರಳುಗಳ ತುದಿಯಲ್ಲಿ ವೈರು ಸುಲಿದು ಸುಲಿದು ಗಟ್ಟಿಯಾದ ಚರ್ಮ, ಹೆಬ್ಬೆರಳಿನ ಮೇಲೆ ಇಕ್ಕಳ ಕಚ್ಚಿದ ಕಪ್ಪು ಕಲೆ. ಮೈದುನನ ಕೈಯೂ ಹೀಗೆಯೇ ಇತ್ತು, ಇಷ್ಟೇ ಗಿಡ್ಡ ಬೆರಳು. ಇದು ಅವಳ ಸೋದರಮಾವನ ಕೈ ಎಂದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ನಾಳೆ ನೀನು ಬಿದ್ರೆ," ಎಂದ ಅವನು. ಒದ್ದೆಯೇ ಆಗದ ಕೈಯನ್ನು ಅಂಗಿಗೆ ಒರೆಸಿಕೊಂಡು ಒಳಗೆ ನಡೆದ.

ಒಬ್ಬೊಬ್ಬರನ್ನೇ ಕರೆದು ಪರೀಕ್ಷೆ ಮಾಡುತ್ತಿದ್ದರು. ಡ್ರಿಲ್ಲಪ್ಪನ ಭಾರಕ್ಕೆ ಗೊಂಬೆ ಎಡೆಬಿಡದೆ ಟಿಕ್ಕೆಂದಿತು. "ಬದುಕಿದ, ಈಗ ಸಾಲ ಕೇಳ್ತಾನೆ," ಎಂದು ಬೆವರು ಒರೆಸುತ್ತಾ ಎದ್ದ. ಮಗಳ ಸರದಿಯಲ್ಲಿ ಮೊದಲ ಒತ್ತಿಗೇ ಸದ್ದು ಬಂತು. ಟೆಸ್ಟರಣ್ಣ ಮಂಡಿಯೂರಿ ಕೈ ಮೇಲೆ ಕೈಯಿಟ್ಟು ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ.

"ಸವರ್ತಿದ್ದೀರಿ ಅಣ್ಣ," ಎಂದಳು ನರ್ಸು.

"ನೋವಾಗಲ್ವಾ?"

"ಆಗ್ಲಿ. ಪಕ್ಕೆಲುಬು ಮುರಿದ್ರೂ ಮುರೀಲಿ. ಮುರಿದ ಎಲುಬು ಕೂಡತ್ತೆ."

ಅವನು ಮಂಡಿಯ ಮೇಲೆ ಎದ್ದು, ಮೊಣಕೈ ನೆಟ್ಟಗೆ ಮಾಡಿ, ಮೈಯ ಭಾರವನ್ನೆಲ್ಲ ಅಂಗೈಗೆ ಬಿಟ್ಟ. ಟಿಕ್. ಮತ್ತೆ ಬಿಟ್ಟ. ಟಿಕ್. ಜೇಬಿನ ಟೆಸ್ಟರು ಜಾರಿ ಗೊಂಬೆಯ ಕತ್ತಿನ ಬಳಿ ಬಿತ್ತು. ಇಷ್ಟೇನಾ ಎಂದುಕೊಂಡ. ಪ್ರತಿ ಸದ್ದಿಗೂ ಅದೊಂದೇ ಮಾತು, ಇಷ್ಟೇನಾ, ಇಷ್ಟೇನಾ.

ಸಾಕು ಎಂದಾಗ ನಿಲ್ಲಿಸಿದ. ಸರ್ಟಿಫಿಕೇಟು ಕೊಡುವಾಗ ನರ್ಸು ಟೆಸ್ಟರನ್ನೂ ಎತ್ತಿಕೊಟ್ಟಳು. ಅವನು ಮೆಲ್ಲಗೆ ಕೇಳಿದ: "ಹೀಗೆ ಒತ್ತಿದ್ರೆ ಬದುಕೇ ಬದುಕ್ತಾರಾ?"

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಇಂಥ ಮುಖಗಳನ್ನು ಅವಳು ಹಿಂದೆಯೂ ಕಂಡಿರಬೇಕು. "ಎಲ್ಲರೂ ಬದುಕಲ್ಲ," ಎಂದಳು. "ಕೆಲವರು ಬದುಕ್ತಾರೆ. ಯಾರು ಅಂತ ಮೊದಲೇ ಗೊತ್ತಾಗಲ್ಲ."

ಕಚೇರಿಯ ದಾರಿಯಲ್ಲೇ ಇದ್ದ ಮನೆಗೆ ಬಂದಾಗ ಕೋಣೆಯೊಳಗೆ ಇಳಿಬಿಸಿಲು ಬಿದ್ದಿತ್ತು. ಹೆಂಡತಿ ಮಿಷನ್ನಿನ ಮುಂದೆ ಕೂತಿದ್ದಳು. ಸೂಜಿಯ ಕೆಳಗಿದ್ದ ಪರದೆ ಬೆಳಿಗ್ಗೆ ಇದ್ದಲ್ಲೇ ಇತ್ತು. ಸಿಕ್ತಾ ಎಂದು ಮಗಳನ್ನು ಕೇಳಿದಳು. ಮಗಳು ಕೈಯಲ್ಲಿದ್ದುದನ್ನು ತೋರಿಸಿದಳು. ಟೆಸ್ಟರಣ್ಣ ಗೋಡೆಗೊರಗಿ ಕೂತ. ಊಟದ ಡಬ್ಬಿಗಳೆರಡೂ ಬಿಚ್ಚದೆ ಹಾಗೇ ವಾಪಸು ಬಂದಿದ್ದವು. ಹೆಂಡತಿ ಅವನ್ನು ಎತ್ತಿ ತೂಕ ನೋಡಿ ಕೆಳಗಿಟ್ಟಳು.

"ತರಬೇಡಿ ಅಂದಿದ್ದೆ," ಎಂದಳು.

ಅವನು ತಲೆಯಾಡಿಸಿದ.

ಅವಳು ಬಹಳ ಹೊತ್ತು ಪರದೆಯ ಅಂಚನ್ನು ಬೆರಳಿನಿಂದ ಮಡಚುತ್ತಿದ್ದಳು. ಮಡಚಿದ್ದನ್ನು ಬಿಡಿಸಿದಳು. ಆಮೇಲೆ ಅವನ ಕಡೆ ನೋಡದೆ ಕೇಳಿದಳು.

"ಮಾಡೋ ಹಾಗಿತ್ತಾ?"

ಸುಳ್ಳು ಹೇಳುವುದಾದರೆ ಅದು ಆಗ. ಹಳೆಯ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟೋ ವರ್ಷ ಆಡಿ ಆಡಿ ನುಣುಪಾದ ಮಾತು. ಅದನ್ನು ಆಡಿದ್ದರೆ ಅವಳು ನಂಬುತ್ತಿದ್ದಳು, ಅಥವಾ ನಂಬಿದ ಹಾಗೆ ಇರುತ್ತಿದ್ದಳು.

"ಬದುಕ್ತಿದ್ನೋ ಇಲ್ವೋ ಗೊತ್ತಿಲ್ಲ," ಎಂದ. "ಮಾಡೋ ಹಾಗಿತ್ತು. ಓಡಬಾರದಿತ್ತು. ಅಲ್ಲೇ ಮಂಡಿ ಊರಿ ಎದೆ ಒತ್ತಬೇಕಿತ್ತು."

ಮಗಳು ಬಾಗಿಲಲ್ಲೇ ನಿಂತಿದ್ದಳು. ಕೆಳಗೆ ಚಪ್ಪಲಿ ಅಂಗಡಿಯವನು ಮೊಳೆ ಹೊಡೆಯುವ ಸದ್ದು ಬರುತ್ತಿತ್ತು. ಅಮ್ಮ ಎದ್ದು ಒಳಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡರು ಇಬ್ಬರೂ. ಅವಳು ಸುತ್ತಿಟ್ಟ ಹಾಸಿಗೆಯನ್ನು ಎಳೆದು ತಂದು ಹೊರಕೋಣೆಯ ನೆಲದ ಮೇಲೆ ಹಾಕಿದಳು. ಅದರ ಪಕ್ಕ ಮಂಡಿಯೂರಿದಳು.

"ಎಲ್ಲಿ?"

"ಬೇಡ," ಎಂದ ಅವನು.

"ಎಲ್ಲಿ ಅಂತ ತೋರಿಸಿ."

ಅವನು ತೆವಳಿಕೊಂಡು ಬಂದು ಅವಳ ಒಂದು ಕೈಯ ಮೇಲೆ ಇನ್ನೊಂದು ಕೈಯಿಟ್ಟು, ಸುರುಳಿಯ ನಡುವೆ ಕೂರಿಸಿದ. ಎಷ್ಟೋ ದಿನದ ಮೇಲೆ ಅವಳ ಕೈ ಮುಟ್ಟಿದ್ದ, ತಣ್ಣಗಿತ್ತು. ಅವಳು ಒತ್ತಿದಳು.

"ಇನ್ನೂ ಜೋರಾಗಿ," ಎಂದ.

ಒತ್ತಿದಳು. "ಸರಿಯಾಯ್ತಾ?"

"ಗೊಂಬೇಲಿ ಸದ್ದು ಬರತ್ತೆ. ಇದರಲ್ಲಿ ಬರಲ್ಲ."

"ಮತ್ತೆ ಸರಿಯಾಯ್ತು ಅಂತ ಹೇಗೆ ಗೊತ್ತಾಗೋದು?"

"ಗೊತ್ತಾಗಲ್ಲ. ಒತ್ತುತಾ ಇರಬೇಕು. ಸುಸ್ತಾದ್ರೆ ಇನ್ನೊಬ್ಬರು."

ಅವಳು ಒತ್ತುತ್ತಾ ಹೋದಳು. ಮುಡಿ ಬಿಚ್ಚಿ ಕೂದಲು ಮುಖದ ಮೇಲೆ ಬಿತ್ತು. ನೆಲದ ಹಲಗೆ ದಡ್ ದಡ್ ಎನ್ನತೊಡಗಿತು. ಅವನು ತನ್ನ ಸರದಿಗೆಂದು ಕೈ ಚಾಚಿದ. ಅವಳು ಮೊಣಕೈಯಿಂದ ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಉಸಿರಿನ ನಡುವೆ ಮಗಳಿಗೆ ಹೇಳಿದಳು: "ನೀನು ಹೋಗೇ. ಕಚೇರಿ ಮುಚ್ಚತ್ತೆ."

ಮಗಳು ಓಡಿದಳು.

ಕಿಟಕಿಯ ಹುಡುಗಿ ಚೀಲ ಹೆಗಲಿಗೇರಿಸಿ ಹೊರಡುವುದರಲ್ಲಿದ್ದಳು. ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೂತು, ಸೀಲು ಒತ್ತಿದಳು. "ಇದು ಲೆಕ್ಕಕ್ಕೆ ಬರತ್ತೆ," ಎಂದು ನಕ್ಕಳು. "ಅಪ್ಪಂಗೆ ಹೇಳಿ, ಮುಂದಿನ ಸಲ ಇದನ್ನೂ ಮತ್ತೆ ತಗೊಳ್ಳೋ ಹಾಗಿಲ್ಲ ಅಂತ."

ಮಗಳು ಬೀದಿಗೆ ವಾಪಸು ಬರುವಾಗ ಚಪ್ಪಲಿ ಅಂಗಡಿಯವನು ಸುತ್ತಿಗೆ ಕೆಳಗಿಟ್ಟು ತನ್ನ ಅಂಗಡಿಯ ಚಾವಣಿ ನೋಡುತ್ತಾ ಕೂತಿದ್ದ. ಹಲಗೆಗಳ ಸಂದಿನಿಂದ ಅವನ ತಲೆಯ ಮೇಲೆ ಸಣ್ಣಗೆ ಧೂಳು ಉದುರುತ್ತಿತ್ತು.

"ನೀನು ಹೋದಾಗಿಂದ ಕುಟ್ತಾನೇ ಇದ್ದಾರಲ್ಲಮ್ಮ," ಎಂದ. "ಏನು ರಿಪೇರಿ?"

"ಇನ್ನೂ ಸ್ವಲ್ಪ ಹೊತ್ತು ಇರತ್ತೆ ಮಾಮ. ಬೇಜಾರು ಮಾಡ್ಕೋಬೇಡಿ."

ಮೆಟ್ಟಿಲ ನಡುವೆ ನಿಂತು ಅವಳು ಕೇಳಿದಳು. ಅಪ್ಪನ ಒತ್ತು ಹೇಗಿರುತ್ತದೆ ಎಂದು ಅವಳು ಪಾಠದಲ್ಲಿ ನೋಡಿದ್ದಳು. ಅದು ನಿಧಾನ, ಭಾರ. ಮೇಲಿನಿಂದ ಬರುತ್ತಿದ್ದುದು ಅವಸರದ, ಒಂದರ ಮೇಲೊಂದು ಬೀಳುವ ಸದ್ದು. ಅಮ್ಮ ಇನ್ನೂ ಜಾಗ ಬಿಟ್ಟುಕೊಟ್ಟಿರಲಿಲ್ಲ.